ಲೈನ್ ಪದಕ್ಕೆ ಎರಡನೇ ಸಾಕ್ಷಿ

ಫೆಬ್ರವರಿ ೯

ಮಾನ್ಯ ಆಪರೇಟರ್ ಅವರಿಗೆ,

ನಿಮ್ಮ ವಿಳಾಸವನ್ನು ನಿವೃತ್ತರ ಸಂಘದವರಿಂದ ಪಡೆದೆ. ಫೋನ್ ನಂಬರ್ ಕೇಳಿದ್ದಕ್ಕೆ ಅವರು ನಕ್ಕು, “ಆ ಪುಣ್ಯಾತ್ಮ ಫೋನೇ ಇಟ್ಕೊಂಡಿಲ್ಲ. ಬೇಕಾದ್ರೆ ಕಾಗದ ಬರೀರಿ” ಅಂದರು. ಹಾಗಾಗಿ ಈ ಕಾಗದ.

ನಾನು ಶಬ್ದಕೋಶದ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಮಾತಿನೊಳಗೆ ನುಗ್ಗಿ ಠಿಕಾಣಿ ಹೂಡಿರುವ ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಹಿಡಿದು, ಜನ ಅವನ್ನು ಯಾವ್ಯಾವ ಅರ್ಥದಲ್ಲಿ ಆಡುತ್ತಾರೆ ಎಂದು ಬರೆದಿಡುವ ಕೋಶ. ಹನ್ನೊಂದು ವರ್ಷದಿಂದ ನಡೆದಿದೆ. ಈಗ ‘ಲ’ ಅಕ್ಷರಕ್ಕೆ ಬಂದಿದ್ದೇವೆ. ನನ್ನ ಪಾಲಿಗೆ ಬಂದ ಪದ ಲೈನ್. ಬಂದದ್ದೇನಲ್ಲ, ನಾನೇ ಕೇಳಿ ತೆಗೆದುಕೊಂಡೆ.

ಎರಡಕ್ಷರದ ಪದ, ಒಳಗೆ ಹೋದರೆ ದೊಡ್ಡ ಸಂಸಾರ. ಅಂಗಡಿ ಮುಂದೆ ಜನ ನಿಲ್ಲುವುದೂ ಲೈನ್, ನೋಟ್‌ಬುಕ್ಕಿನಲ್ಲಿ ಎಳೆಯುವ ಗೆರೆಯೂ ಲೈನ್. “ನಾಲ್ಕು ಲೈನ್ ಬರೆದು ಹಾಕು” ಎಂದರೆ ಕಾಗದ. “ಲೈನ್ ಸಿಗ್ತಿಲ್ಲ” ಎಂದರೆ ಫೋನು. “ಯಾವ ಲೈನಲ್ಲಿದೀರಿ?” ಎಂದು ಬಸ್ಸಿನಲ್ಲಿ ಪಕ್ಕದವರು ಕೇಳಿದರೆ ಉದ್ಯೋಗ. “ಅಂತೂ ಲೈನಿಗೆ ಬಂದ” ಎಂದರೆ ಮಗನಿಗೆ ಬುದ್ಧಿ ಬಂತು ಎಂದು ಅಪ್ಪ ನಿಟ್ಟುಸಿರು ಬಿಟ್ಟ ಹಾಗೆ. ಲೈನ್ ಹೊಡೆಯುವುದು ಎಂದರೇನೆಂದು ನಿಮಗೆ ನಾನು ವಿವರಿಸಬೇಕಾಗಿಲ್ಲ. ಇಲ್ಲಿಯವರೆಗೆ ಮೂವತ್ತನಾಲ್ಕು ಅರ್ಥ ಸಿಕ್ಕಿವೆ.

ನಮ್ಮಲ್ಲಿ ಒಂದು ಕಟ್ಟುನಿಟ್ಟಿದೆ. ಒಂದೊಂದು ಬಳಕೆಗೆ ಒಂದೊಂದು ಚೀಟಿ. ಅದರಲ್ಲಿ ಯಾರೋ ನಿಜವಾಗಿ ಆಡಿದ ವಾಕ್ಯ ಇರಬೇಕು. ಹೇಳಿದವರು ಯಾರು, ಎಲ್ಲಿ, ಯಾವಾಗ, ಕೇಳಿದವರು ಯಾರು ಎಂದು ಬರೆಯಬೇಕು. ಇಬ್ಬರು ಸಾಕ್ಷಿ ಬೇಕು. ಒಂದೇ ಸಾಕ್ಷಿಯ ಚೀಟಿಯನ್ನು ನಮ್ಮ ಪ್ರಧಾನ ಸಂಪಾದಕರು ಮುಲಾಜಿಲ್ಲದೆ ಎತ್ತಿ ಬದಿಗಿಡುತ್ತಾರೆ. ನಾವು ಅವರನ್ನು ಬೆನ್ನ ಹಿಂದೆ ‘ಜರಡಿ’ ಎನ್ನುತ್ತೇವೆ.

ಹತ್ತು ಖಾಲಿ ಚೀಟಿ ಇಟ್ಟಿದ್ದೇನೆ. ನಿಮ್ಮ ಕಸುಬಿನಲ್ಲಿ ಈ ಪದವನ್ನು ಹೇಗೆಲ್ಲ ಆಡುತ್ತಿದ್ದಿರೋ ಬರೆಯಿರಿ. ಹನ್ನೊಂದನೆಯದು ಖಾಲಿ ಅಲ್ಲ. ಅದರಲ್ಲಿ ನಾನೇ ಬರೆದಿದ್ದೇನೆ:

ವಾಕ್ಯ: “ಮೂರನೇ ಲೈನು, ನಲವತ್ತೇಳನೇ ಕಂಬ. ಲೈನ್ ಕ್ಲಿಯರ್ ಕೊಡಿ.” ಹೇಳಿದವರು: ಲೈನ್‌ಮನ್. ಎಲ್ಲಿ: ಟೈಲರ್ ಅಂಗಡಿಯ ಫೋನಿನಲ್ಲಿ. ಯಾವಾಗ: ಇಪ್ಪತ್ತಾರು ವರ್ಷದ ಹಿಂದೆ, ಜೂನ್ ೪, ಮಧ್ಯಾಹ್ನ ಸುಮಾರು ಎರಡು ಗಂಟೆ. ಕೇಳಿದವರು: ಅವರ ಮಗಳು, ಒಂಬತ್ತು ವರ್ಷ. ಎರಡನೇ ಸಾಕ್ಷಿ ಎಂಬಲ್ಲಿ ಜಾಗ ಬಿಟ್ಟಿದ್ದೇನೆ.

ಆ ಮಗಳು ನಾನೇ. ನನ್ನ ಅಪ್ಪನನ್ನು ನಿಮ್ಮ ಕಡೆಯವರೆಲ್ಲ ‘ಏಣಿ’ ಎಂದು ಕರೆಯುತ್ತಿದ್ದರಂತೆ, ಅಷ್ಟು ಉದ್ದ ಇದ್ದರು. ಅವತ್ತು ಅವರು ಕಂಬದ ಮೇಲಿದ್ದಾಗ ಲೈನಿಗೆ ಕರೆಂಟ್ ಬಂತು. ಲೈನ್ ಕ್ಲಿಯರ್ ಪಡೆಯದೆ ಹತ್ತಿದರು, ತಪ್ಪು ಅವರದೇ ಎಂದು ವಿಚಾರಣೆಯವರು ಬರೆದು ಮುಗಿಸಿದರು. ಅವರು ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಆ ಹೊತ್ತಿಗೆ ಕರೆಂಟ್ ಸ್ಟೇಷನ್ನಿನಲ್ಲಿ ಫೋನ್ ಎತ್ತುತ್ತಿದ್ದವರು ನೀವು.

ಲೈನ್ ಕ್ಲಿಯರ್ ಎಂಬ ಮಾತಿಗೆ ಬೇರೆ ಯಾವ ಲೈನ್‌ಮನ್ನಾದರೂ ಸಾಕ್ಷಿ ಹೇಳಬಹುದು. ನನಗೆ ಈ ವಾಕ್ಯಕ್ಕೇ ಬೇಕು.

ಉತ್ತರದ ದಾರಿ ನೋಡುತ್ತ,
ಕೋಶದ ಕಚೇರಿಯವಳು

•

ಫೆಬ್ರವರಿ ೨೪

ಕೋಶದ ಮೇಡಂ ಅವರಿಗೆ,

ನಿಮ್ಮ ಕಾಗದ ಬಂತು. ಖಾಲಿ ಚೀಟಿಗಳನ್ನು ನೋಡಿ ನಮ್ಮ ಮನೆಯವಳು ಬಿದ್ದು ಬಿದ್ದು ನಕ್ಕಳು. “ರಿಟೈರ್ ಆದ ಮೇಲೆ ಈ ಮನುಷ್ಯನ್ನ ಯಾರಾದ್ರೂ ಏನಾದ್ರೂ ಕೇಳಿದ್ದು ಇದೇ ಮೊದಲು” ಅಂದಳು. ಹತ್ತೂ ಚೀಟಿ ತುಂಬಿದ್ದೇನೆ. ಸಾಲದೆ ಹಾಲಿನ ಕವರಿನ ಹಿಂದೆಯೂ ಎರಡು ಬರೆದಿದ್ದೇನೆ, ಜರಡಿಯವರು ಕ್ಷಮಿಸಬೇಕು.

ನೀವು ಅಂದದ್ದು ಸರಿ, ನಮ್ಮ ಕಸುಬಿನಲ್ಲಿ ಆ ಪದ ಇಲ್ಲದೆ ಬಾಯಿಯೇ ಬಿಡುವಂತಿರಲಿಲ್ಲ. ಲೈನ್ ಎಳೆಯೋದು ಅಂದರೆ ಹೊಸ ತಂತಿ ಕಟ್ಟುವುದು. ಲೈನ್ ಬಿಡೋದು ಅಂದರೆ ಕರೆಂಟ್ ಕೊಡುವುದು. ಲೈನ್ ನಡೆಯೋದು ಅಂದರೆ ಗಾಳಿ ಬೀಸಿ ಹೋದ ಮೇಲೆ ಕಂಬದಿಂದ ಕಂಬಕ್ಕೆ ಕಾಲ್ನಡಿಗೆಯಲ್ಲಿ ತಂತಿ ನೋಡಿಕೊಂಡು ಹೋಗುವುದು. “ಅವನು ಲೈನ್ ಮೇಲೆ ಇದಾನೆ” ಅಂದರೆ ಸಂಜೆವರೆಗೆ ಕೈಗೆ ಸಿಗಲ್ಲ, ಅವನ ಹೆಂಡತಿಗೆ ಹೇಳಿಬಿಡಿ ಅಂತ ಅರ್ಥ. ಲೈನ್ ಸತ್ತಿದೆ ಅನ್ನುತ್ತಿದ್ದೆವು, ಲೈನಿಗೆ ಜೀವ ಬಂತು ಅನ್ನುತ್ತಿದ್ದೆವು. ನಮ್ಮಲ್ಲೊಬ್ಬ ಒಂದು ಹೊಸ ಮನೆಗೆ ಲೈನ್ ಎಳೆಯೋಕೆ ಹೋಗಿ, ಆ ಮನೆ ಹುಡುಗಿಗೆ ಲೈನ್ ಹೊಡೆದು, ಆರು ತಿಂಗಳಲ್ಲಿ ಮದುವೆಯಾಗಿ, ಆಮೇಲೆ ಹೆಂಡತಿ ಎಳೆದ ಲೈನಿನಲ್ಲೇ ಬಾಳಿದ. ಅದು ಏಳನೇ ಚೀಟಿ. ಸಾಕ್ಷಿಗೆ ಅವನ ಹೆಂಡತಿ ಇದ್ದಾಳೆ, ಬೇಕಾದರೆ ವಿಳಾಸ ಕೊಡುತ್ತೇನೆ.

ಲೈನ್ ಕ್ಲಿಯರ್ ಅಂದರೆ ಏನು ಅಂತ ನಿಮ್ಮ ಓದುಗರಿಗೆ ತಿಳಿಯುವ ಹಾಗೆ ಐದನೇ ಚೀಟಿಯಲ್ಲಿ ಬರೆದಿದ್ದೇನೆ. ಕಂಬ ಹತ್ತುವವನು ಮೊದಲು ಸ್ಟೇಷನ್ನಿಗೆ ಫೋನ್ ಮಾಡಿ ಕೇಳಬೇಕು. ಆಪರೇಟರ್ ಆ ಲೈನಿನ ಕರೆಂಟ್ ತೆಗೆದು, ಅವನ ಹೆಸರು, ಕಂಬದ ನಂಬರ್, ಹೊತ್ತು ಮೂರನ್ನೂ ಪುಸ್ತಕದಲ್ಲಿ ಬರೆದು, ಸ್ವಿಚ್ಚಿನ ಹಿಡಿಗೆ ಕೆಂಪು ಬೋರ್ಡ್ ತಗುಲಿಹಾಕಿ, ಆಮೇಲೆ “ಕೊಟ್ಟಿದ್ದೇನೆ” ಅನ್ನಬೇಕು. ಕೆಲಸ ಮುಗಿಸಿ ಇಳಿದ ಮೇಲೆ ಅವನೇ ಫೋನ್ ಮಾಡಿ ವಾಪಸ್ಸು ಕೊಡಬೇಕು. ಬೇರೆ ಯಾರು ಹೇಳಿದರೂ ನಡೆಯುವುದಿಲ್ಲ. ಅವನ ದನಿಯೇ ಆಗಬೇಕು.

ಹನ್ನೊಂದನೇ ಚೀಟಿಯ ವಿಷಯ. ನನಗೆ ಎಪ್ಪತ್ತೊಂದು ನಡೆಯುತ್ತಿದೆ. ದಿನಕ್ಕೆ ನಲವತ್ತು ಸಲ ಫೋನ್ ಎತ್ತಿದವನಿಗೆ ಯಾವುದೋ ಒಂದು ನೆನಪಿರುವುದು ಹೇಗೆ? ನಿಮ್ಮ ತಂದೆಯವರ ನೆನಪಿದೆ, ಒಳ್ಳೆಯ ಮನುಷ್ಯ. ಅದಕ್ಕಿಂತ ಹೆಚ್ಚು ಗೊತ್ತಿಲ್ಲ. ಚೀಟಿಯನ್ನು ಹಾಗೇ ವಾಪಸ್ಸು ಇಟ್ಟಿದ್ದೇನೆ.

ನಮಸ್ಕಾರಗಳೊಂದಿಗೆ,
ಹಳೆಯ ಆಪರೇಟರ್

•

ಮಾರ್ಚ್ ೮

ಮಾನ್ಯರೇ,

ನಿಮ್ಮ ಹನ್ನೆರಡು ಬಳಕೆಯಲ್ಲಿ ಒಂಬತ್ತನ್ನು ಜರಡಿ ಉಳಿಸಿದರು. ಹಾಲಿನ ಕವರನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿ ಬೆಳಕಿಗೆ ಒಡ್ಡಿ ಓದಿ, “ಈ ಮನುಷ್ಯನಿಗೆ ಕಿವಿ ಇದೆ” ಅಂದರು. ಅವರು ಯಾರನ್ನಾದರೂ ಹೊಗಳಿದ್ದನ್ನು ನಾನು ಕಂಡದ್ದು ಎರಡೇ ಸಲ.

ಹನ್ನೊಂದನೇ ಚೀಟಿಯನ್ನು ಹಾಗೇ ವಾಪಸ್ಸು ಇಟ್ಟಿದ್ದೇನೆ ಅಂದಿರಿ. ಹಾಗೇ ಇಟ್ಟಿಲ್ಲ. ನಾನು ‘ಸುಮಾರು ಎರಡು ಗಂಟೆ’ ಎಂದು ಬರೆದಿದ್ದೆ. ನೀವು ‘ಸುಮಾರು’ ಎಂಬುದಕ್ಕೆ ಕೆಂಪು ಪೆನ್ಸಿಲ್ಲಿನಲ್ಲಿ ಅಡ್ಡಗೆರೆ ಹೊಡೆದು, ಪಕ್ಕದಲ್ಲಿ ಸಣ್ಣದಾಗಿ ‘೨-೧೨’ ಎಂದು ಬರೆದಿದ್ದೀರಿ. ಕಂಬದ ನಂಬರಿನ ಕೆಳಗೆ ಎರಡು ಗೆರೆ ಎಳೆದಿದ್ದೀರಿ. ಪ್ರಾಯಶಃ ನಿಮಗೇ ಗೊತ್ತಿಲ್ಲದೆ ಕೈ ಹಾಗೆ ಮಾಡಿರಬೇಕು. ಜೀವಮಾನವೆಲ್ಲ ಹೊತ್ತು ಬರೆದುಕೊಂಡವರಿಗೆ ಸುಮಾರು ಎಂಬ ಮಾತು ಕಣ್ಣಿಗೆ ಚುಚ್ಚುತ್ತದೆ. ನಮಗೂ ಚುಚ್ಚುತ್ತದೆ.

ವಿಚಾರಣೆಯ ಕಾಗದದಲ್ಲಿ ಎರಡೂ ಮೂವತ್ತೇಳು ಎಂದಿದೆ. ಅದು ಅಪ್ಪ ಸತ್ತ ಹೊತ್ತು. ಎರಡೂ ಹನ್ನೆರಡು ಎಂಬುದು ಯಾವ ಕಾಗದದಲ್ಲೂ ಇಲ್ಲ. ನಾನು ಕಳೆದ ಒಂದು ವಾರದಲ್ಲಿ ಎಲ್ಲವನ್ನೂ ತಿರುವಿಹಾಕಿ ನೋಡಿದೆ.

ನನಗೆ ನೆನಪಿರುವುದನ್ನು ಹೇಳುತ್ತೇನೆ. ಅಪ್ಪ ಮನೆಗೆ ಊಟಕ್ಕೆ ಬಂದು, ಹೋಗುವಾಗ ನನ್ನನ್ನು ಟೈಲರ್ ಅಂಗಡಿವರೆಗೆ ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋದರು. ನಾನು ನೂಲಿನ ಉಂಡೆಗಳ ಪೆಟ್ಟಿಗೆ ಮುಂದೆ ನಿಂತಿದ್ದೆ. ಅಪ್ಪ ಫೋನಿನಲ್ಲಿ ಆ ವಾಕ್ಯ ಹೇಳಿದರು. ಅಷ್ಟರಲ್ಲಿ ಟೈಲರ್ ಮಿಷನ್ ತುಳಿಯಲು ಶುರು ಮಾಡಿದ, ಮುಂದಿನ ಮಾತು ಕೇಳಿಸಲಿಲ್ಲ. ಅಪ್ಪ ನಗುತ್ತ ಫೋನ್ ಇಟ್ಟರು. “ಸಿಕ್ತು, ನೀನು ಮನೆಗೆ ನಡಿ” ಅಂದರು.

ವಿಚಾರಣೆಗೆ ಬಂದ ಅಧಿಕಾರಿಗೆ ಇದನ್ನೇ ಹೇಳಿದೆ. ಅವರು ಅಮ್ಮನ ಮುಖ ನೋಡಿದರು. ಅಮ್ಮ ನನ್ನನ್ನು ಹಿಂದಕ್ಕೆ ಎಳೆದುಕೊಂಡು, “ಮಗು ಕಟ್ಟಿ ಹೇಳ್ತಿದೆ ಸಾರ್” ಅಂದಳು. ಟೈಲರ್ ತನಗೇನೂ ಗೊತ್ತಿಲ್ಲ, ದಿನಾ ಹತ್ತು ಜನ ಬಂದು ಫೋನ್ ಮಾಡುತ್ತಾರೆ ಅಂದ. ಈಗ ಅವನೂ ಇಲ್ಲ.

ನಮ್ಮ ಮನೆಯಲ್ಲಿ ಅಪ್ಪನ ಫೋಟೋ ಹಾಕಿಲ್ಲ. ಅವರ ಮಾತು ತೆಗೆದರೆ ಅಮ್ಮ ಎದ್ದು ಒಳಗೆ ಹೋಗುತ್ತಾಳೆ. ಅಮ್ಮನಿಗೆ ಅವರ ಮೇಲೆ ಇನ್ನೂ ಸಿಟ್ಟು ಎಂದು ನಾನು ತಿಳಿದಿದ್ದೇನೆ. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಕೇಳಲು ಧೈರ್ಯ ಬಂದಿಲ್ಲ.

ಚೀಟಿಯನ್ನು ಮತ್ತೆ ಕಳಿಸುತ್ತಿದ್ದೇನೆ, ನಿಮ್ಮ ಕೆಂಪು ಗೆರೆಯ ಸಮೇತ.

ಏಣಿಯ ಮಗಳು

•

ಏಪ್ರಿಲ್ ೩೦

ಮಾನ್ಯರೇ,

ಏಳು ವಾರ ಆಯಿತು. ಕಾಗದ ತಲುಪಿಲ್ಲ ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ನಾನು ರಿಜಿಸ್ಟರ್ ಮಾಡಿದ್ದೆ, ನಿಮ್ಮ ರುಜು ವಾಪಸ್ಸು ಬಂದಿದೆ.

ನಿಮ್ಮ ಮೇಲೆ ದೂರು ಕೊಡಲು ಬರೆಯುತ್ತಿಲ್ಲ. ನಿಮಗೆ ಹೆದರಿಕೆ ಇದ್ದರೆ ಅದು ನನಗೆ ಅರ್ಥವಾಗುತ್ತದೆ. ನನ್ನ ಹೆದರಿಕೆ ಏನು ಅಂತ ನಿಮಗೂ ಹೇಳಿಬಿಡುತ್ತೇನೆ. ಒಂಬತ್ತನೇ ವಯಸ್ಸಿಗೆ ‘ಕಟ್ಟಿ ಹೇಳುವವಳು’ ಅನ್ನಿಸಿಕೊಂಡ ಮೇಲೆ ನನ್ನ ಯಾವ ನೆನಪನ್ನೂ ನಾನು ನಂಬಿಲ್ಲ. ಜಗಳ ಆದರೆ ಎದುರಿನವರು ಏನಂದರು ಎಂದು ಗಟ್ಟಿಯಾಗಿ ಹೇಳಲು ಬಾಯಿ ಬರುವುದಿಲ್ಲ. ಮದುವೆಯಾಗಿದ್ದೆ, ನಾಲ್ಕು ವರ್ಷ. “ನಾನು ಹಾಗೆ ಅಂದೇ ಇಲ್ಲ” ಎಂದು ಆತ ಹೇಳಿದಾಗೆಲ್ಲ, ಇದ್ದರೂ ಇರಬಹುದು ಎಂದು ಸುಮ್ಮನಾದೆ. ಪ್ರತಿ ಮಾತಿಗೂ ಇಬ್ಬರು ಸಾಕ್ಷಿ ಕೇಳುವ ಕಚೇರಿಯಲ್ಲಿ ನನಗೆ ಉಸಿರಾಡಲು ಸಲೀಸಾಯಿತು ಅಂದರೆ ನೀವು ನಗಬಾರದು.

ಆ ಅಂಗಡಿ, ಆ ನೂಲಿನ ಪೆಟ್ಟಿಗೆ, ಅಪ್ಪನ ಆ ವಾಕ್ಯ, ಇವೆಲ್ಲ ಇದ್ದವೋ, ಅಪ್ಪನನ್ನು ಉಳಿಸಿಕೊಳ್ಳಲು ನಾನೇ ಹೊಸೆದುಕೊಂಡೆನೋ? ಇದೊಂದು ಗೊತ್ತಾಗಬೇಕು. ಬೇರೆ ಏನೂ ಬೇಡ. ಹೌದು ಅಥವಾ ಇಲ್ಲ ಎಂದು ಒಂದೇ ಪದ ಬರೆದರೂ ಸಾಕು.

ಏಣಿಯ ಮಗಳು

•

ಮೇ ೨೦

ಏಣಿಯ ಮಗಳಿಗೆ,

ಒಂದು ಕಾಗದ ಬರೆದು ಹರಿದೆ. ಎರಡನೆಯದನ್ನೂ ಹರಿದೆ. ಇದನ್ನು ತಿರುಗಿ ಓದದೆ ಅಂಟಿಸಿಬಿಡುತ್ತೇನೆ.

ಹೌದು. ನಿಮ್ಮ ಅಪ್ಪ ಫೋನ್ ಮಾಡಿದರು. ಲೈನ್ ಕ್ಲಿಯರ್ ಕೇಳಿದರು. ನಾನು ಕೊಟ್ಟೆ. ನೀನು ಏನನ್ನೂ ಕಟ್ಟಿಲ್ಲ ಮಗಳೇ, ಕೇಳಿದ್ದನ್ನು ಕೇಳಿದ ಹಾಗೆ ಹೇಳಿದೆ. ಆ ವಯಸ್ಸಿಗೆ ನಿನಗಿದ್ದ ನಿಯತ್ತು ನಲವತ್ತೈದರ ಗಂಡಸಿಗೆ ಇರಲಿಲ್ಲ.

ನಡೆದದ್ದು ಹೀಗೆ. ಒಬ್ಬೊಬ್ಬನಿಗೆ ಒಂದೊಂದು ಕೆಂಪು ಬೋರ್ಡ್ ಹಾಕಬೇಕು ಅಂತ ನಿಯಮ. ನಮ್ಮಲ್ಲಿ ನಾಲ್ಕು ಬೋರ್ಡ್ ಇದ್ದವು, ಮೂರು ಮುರಿದುಹೋಗಿದ್ದವು. ಹೊಸದು ಬರಲಿಲ್ಲ. ಹಾಗಾಗಿ ಲೈನಿಗೆ ಒಂದೇ ಬೋರ್ಡ್ ಹಾಕಿ, ಎಷ್ಟು ಜನ ಹತ್ತಿದ್ದಾರೆ ಅಂತ ಪುಸ್ತಕ ನೋಡಿ ತಿಳಿಯುವುದು ನಮ್ಮ ರೂಢಿಯಾಗಿತ್ತು. ಮೂರನೇ ಲೈನಿನ ಆ ತುದಿಯಲ್ಲಿ ಬೆಳಗ್ಗಿನಿಂದ ಒಂದು ಗ್ಯಾಂಗ್ ಕೆಲಸ ಮಾಡುತ್ತಿತ್ತು. ಅವರ ಹೆಸರು ಬರೆದಿದ್ದೆ, ಬೋರ್ಡ್ ಹಾಕಿದ್ದೆ. ಅಕಸ್ಮಾತ್ ಕರೆಂಟ್ ಬಂದರೂ ನೆಲಕ್ಕೆ ಇಳಿದುಹೋಗಲಿ ಅಂತ ಲೈನನ್ನು ನೆಲಕ್ಕೆ ಕಟ್ಟುವ ಸರಪಳಿಯೂ ಸ್ಟೇಷನ್ನಿಗೆಲ್ಲ ಒಂದೇ, ಅದು ಅವರ ಹತ್ತಿರ ಇತ್ತು. ಎರಡೂ ಹನ್ನೆರಡಕ್ಕೆ ನಿಮ್ಮ ಅಪ್ಪನ ಫೋನ್ ಬಂತು. ಲೈನ್ ಆಗಲೇ ಸತ್ತಿತ್ತು. ನಾನು ತೆಗೆಯಬೇಕಾದ್ದೇನೂ ಇರಲಿಲ್ಲ. “ಸತ್ತೇ ಇದೆ ಹತ್ತು ಮಾರಾಯ, ನಿನ್ನ ಹೆಸರೂ ಸೇರಿಸ್ತೀನಿ” ಅಂದೆ.

ಗಂಟೆ ಗಂಟೆಗೆ ಮೀಟರ್ ನೋಡಿ ಬರೆಯುವುದು ನಮ್ಮ ಕೆಲಸ. ಅವತ್ತು ಊಟ ತಡವಾಗಿ, ಎರಡು ಗಂಟೆಯದನ್ನು ಆಗ ಬರೆಯುತ್ತಿದ್ದೆ. ಪುಸ್ತಕ ಆ ಕಡೆಯ ಮೇಜಿನ ಮೇಲಿತ್ತು. ಇದು ಮುಗಿಸಿ ಅದು ಬರೆಯೋಣ ಅಂದುಕೊಂಡೆ. ಆರು ಹೆಜ್ಜೆ ದೂರ, ಅಷ್ಟೇ.

ಎರಡೂ ಮೂವತ್ತೇಳಕ್ಕೆ ಗ್ಯಾಂಗಿನವರು ಫೋನ್ ಮಾಡಿ, ಎಲ್ಲರೂ ಇಳಿದಿದ್ದೇವೆ, ಲೈನ್ ವಾಪಸ್ಸು ಅಂದರು. ಪುಸ್ತಕ ನೋಡಿದೆ. ಅವರೊಬ್ಬರದೇ ಹೆಸರು. ಹೊಡೆದುಹಾಕಿದೆ, ಬೋರ್ಡ್ ತೆಗೆದೆ, ಹಿಡಿ ತಿರುಗಿಸಿದೆ. ಮೀಟರಿನ ಮುಳ್ಳು ಮೇಲೆ ಹೋಗಿ ಅದುರಿ, ಹಿಡಿ ತಾನೇ ಕೆಳಗೆ ಬಿತ್ತು. ಆಗ ನೆನಪಾಯಿತು.

ಇನ್ನು ಮುಂದಿನದನ್ನು ಬರೆಯಲು ನಾಚಿಕೆ. ಆಗಲೂ ಬರೆಯಬಹುದಿತ್ತು. ಪೆನ್ನು ಎತ್ತಿದೆ. ಹೆಸರು ಬರೆದರೆ ನಾನೇ ಕೊಂದೆ ಅಂತ ಬರೆದ ಹಾಗೆ. ಪೆನ್ನು ಕೆಳಗಿಟ್ಟೆ. ಮೂರನೇ ದಿನ ಅಧಿಕಾರಿ ಬಂದು ಪುಸ್ತಕ ತಿರುವಿ, “ಬರೆದಿಲ್ಲ ಅಂದ್ರೆ ಕೇಳಿಲ್ಲ, ಅಲ್ವಾ?” ಅಂದರು. ನಾನು ಹೌದು ಅಂತ ತಲೆ ಆಡಿಸಿದೆ. ಮಗು ಏನೋ ಹೇಳುತ್ತಿದೆ ಅಂತ ಅವರು ಹೋಗುವಾಗ ಅಂದರು. ಅದಕ್ಕೂ ಸುಮ್ಮನಿದ್ದೆ.

ಅದೇ ಕುರ್ಚಿಯಲ್ಲಿ ಇನ್ನೂ ಹದಿನೈದು ವರ್ಷ ಕೂತೆ. ದಿನಾ ಎರಡೂ ಹನ್ನೆರಡಕ್ಕೆ ಆ ಫೋನ್ ಬರುತ್ತಿತ್ತು. ಫೋನ್ ಬಡಿಯುತ್ತಿರಲಿಲ್ಲ, ಆದರೂ ಬರುತ್ತಿತ್ತು. ರಿಟೈರ್ ಆದ ಮೇಲೆ ಮನೆಯ ಫೋನನ್ನು ತೆಗೆಸಿಹಾಕಿದೆ, ಈಗ ಫೋನೇ ಇಲ್ಲದ ಮನೆಯಲ್ಲೂ ಬರುತ್ತದೆ. ಊಟ ಮಾಡಿ ಒರಗಿದವನು ಎದ್ದು ನಿಲ್ಲುತ್ತೇನೆ. “ಯಾರು ಬಂದ್ರು ಅಂತ ಏಳ್ತೀರಿ?” ಅನ್ನುತ್ತಾಳೆ ಇವಳು. ಕಾಲು ಜೋಮು ಹಿಡಿದಿದೆ ಅನ್ನುತ್ತೇನೆ. ಇಷ್ಟು ವರ್ಷದಿಂದ ನನಗೆ ದಿನಾ ಅದೇ ಹೊತ್ತಿಗೆ ಕಾಲು ಜೋಮು ಹಿಡಿಯುತ್ತಿದೆ. ಆ ದನಿ ಬೈಯುವುದಿಲ್ಲ, ಅಳುವುದಿಲ್ಲ. ಅವತ್ತು ಮಾತಾಡಿದ ಹಾಗೇ ಸಲೀಸಾಗಿ ಮಾತಾಡುತ್ತದೆ, ಪೂರ್ತಿ, ಒಂದು ಪದ ಬಿಡದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಒಂದೊಂದು ದಿನ ನಾನು ಬಾಯಿಬಿಟ್ಟು, “ಬರ್ಕೊಂಡೆ, ಬರ್ಕೊಂಡೆ” ಅಂದುಬಿಡುತ್ತೇನೆ.

ಚೀಟಿಯಲ್ಲಿ ಎರಡನೇ ಸಾಕ್ಷಿ ಎಂಬಲ್ಲಿ ರುಜು ಹಾಕಿದ್ದೇನೆ. ಈ ಕಾಗದವನ್ನು ನೀನು ಯಾರಿಗೆ ಬೇಕಾದರೂ ತೋರಿಸು.

ಆಪರೇಟರ್

•

ಜೂನ್ ೧

ಆಪರೇಟರ್ ಅವರಿಗೆ,

ನಿಮ್ಮ ಕಾಗದವನ್ನು ಕಚೇರಿಯಲ್ಲಿ ನನ್ನ ಮೇಜಿನ ಮುಂದೆ ಓದಿದೆ. ಹೌದು ಎಂಬ ಪದ ಓದಿದ ತಕ್ಷಣ ಸಂತೋಷವಾಯಿತು. ಸುಳ್ಳು ಹೇಳುವುದಿಲ್ಲ, ಅಪ್ಪ ಸತ್ತ ವಿಷಯ ಓದುತ್ತ ನನಗೆ ಸಂತೋಷವಾಯಿತು. ಆಮೇಲೆ ಆರು ಹೆಜ್ಜೆ ಎಂದು ಬರೆದಿದ್ದೀರಲ್ಲ, ಅಲ್ಲಿಗೆ ಬಂದಾಗ ಕಾಗದ ಕೆಳಗಿಟ್ಟು ಎದ್ದೆ. ನನ್ನ ಮೇಜಿನಿಂದ ಚೀಟಿಗಳ ಕಪಾಟಿನವರೆಗೆ ನಡೆದು ನೋಡಿದೆ. ಏಳು ಹೆಜ್ಜೆ. ದಿನಕ್ಕೆ ಎಷ್ಟು ಸಲ ನಾನು ‘ಆಮೇಲೆ ಇಡೋಣ’ ಎನ್ನುತ್ತೇನೆ! ಹಾಗೆಂದು ನಿಮ್ಮ ಮೇಲೆ ಕರುಣೆ ಬಂತು ಎಂದು ತಿಳಿಯಬೇಡಿ. ಬರೆಯಲು ಮರೆತದ್ದನ್ನು ನಾನು ಹೇಗೋ ನುಂಗಿಕೊಳ್ಳುತ್ತೇನೆ. ಪೆನ್ನು ಎತ್ತಿ ಇಟ್ಟದ್ದನ್ನು ನುಂಗಲಾರೆ.

ನಿಮ್ಮ ಹಳೆಯ ಕಚೇರಿಗೂ ಇದನ್ನೇ ಬರೆದು ಕಳಿಸಿ. ಇದು ಕೋರಿಕೆ ಅಲ್ಲ.

ಅಮ್ಮನಿಗೆ ಹೇಳಲು ಮೂರು ದಿನ ಬೇಕಾಯಿತು. ಅವಳು ಹೆಣಿಗೆ ಹಾಕುತ್ತ ಕೂತಿದ್ದಳು. “ಅಮ್ಮ, ಅಪ್ಪ ಕೇಳಿದ್ರಂತೆ. ಸ್ಟೇಷನ್ನಿನವರೇ ಬರೆದಿದಾರೆ” ಅಂದೆ. ಅವಳು ಕೈ ನಿಲ್ಲಿಸಲಿಲ್ಲ. “ಏನಂತ ಕೇಳಿದ್ರಂತೆ?” ಅಂದಳು. ಕಾಗದ ಕೊಟ್ಟೆ. ತೆಗೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡು ಪುಟದ ಕಾಗದ, ಹೊರಗೆ ಬರಲು ಸಂಜೆಯಾಯಿತು. ನಾನು ಬಾಗಿಲ ಹೊರಗೆ ಕೂತು ಕಿವಿ ಕೊಟ್ಟೆ. ಅತ್ತ ಸದ್ದು ಬರಲಿಲ್ಲ.

ಮರುದಿನ ಬೆಳಗ್ಗೆ ನಿಮ್ಮ ಮನೆಗೆ ಯಾವ ಬಸ್ಸು ಹೋಗುತ್ತದೆ ಎಂದು ಕೇಳಿದಳು. ನಾನೂ ಬರುತ್ತೇನೆ ಅಂದೆ. “ನೀನು ಬೇಡ. ನಿನ್ನ ಮುಂದೆ ಕೇಳೋಕಾಗಲ್ಲ” ಅಂದಳು. ನನ್ನ ಮುಂದೆ ಕೇಳಲಾಗದ್ದು ಏನೆಂದು ನನಗೆ ಹೊಳೆಯುತ್ತಿಲ್ಲ. ಮುಂದಿನ ಗುರುವಾರ ಮಧ್ಯಾಹ್ನ ಬರುತ್ತಾಳೆ. ಮನೆಯಲ್ಲಿ ಇರಿ. ಅವಳು ಏನು ಕೇಳಿದರೂ ನೆನಪಿಲ್ಲ ಎಂದು ಮಾತ್ರ ಹೇಳಬೇಡಿ.

ಏಣಿಯ ಮಗಳು

•

ಜೂನ್ ೧೪

ಮಗಳೇ,

ಹಳೆಯ ಕಚೇರಿಗೆ ಬರೆದು ಕಳಿಸಿದೆ. ತಲುಪಿತು ಅಂತ ಒಂದು ಸಾಲು ಬಂದಿದೆ. ಅವರು ಏನು ಮಾಡುತ್ತಾರೋ ಮಾಡಲಿ, ನಾನು ಮನೆಯಲ್ಲೇ ಇದ್ದೇನೆ.

ನಿನ್ನ ಅಮ್ಮ ಗುರುವಾರ ಬಂದರು. ನಿನ್ನ ಹತ್ತಿರ ಏನು ಹೇಳಿದ್ದಾರೋ, ಹೇಳಿಲ್ಲವೋ ಗೊತ್ತಿಲ್ಲ. “ನೀವೇ ಅವಳಿಗೆ ಬರೆದುಬಿಡಿ, ನನ್ನ ಬಾಯಲ್ಲಿ ಬರಲ್ಲ” ಅಂತ ಅವರೇ ಹೇಳಿ ಹೋದದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಹೊರಕೋಣೆಯಲ್ಲಿ ಮೂರು ಕುರ್ಚಿ. ಅವರು ಬಾಗಿಲ ಹತ್ತಿರದ್ದರಲ್ಲಿ ಕೂತರು. ಇವಳು ನೀರು ತಂದಳು, ಮುಟ್ಟಲಿಲ್ಲ. ನಾನು ಕಾಲಿಗೆ ಬೀಳಬೇಕು ಅಂತ ಎದ್ದೆ. “ಕೂತ್ಕೊಳಿ. ಅದಕ್ಕಲ್ಲ ಬಂದಿದ್ದು” ಅಂದರು. ಇವಳಿಗೆ ಆವರೆಗೆ ಏನೂ ಗೊತ್ತಿರಲಿಲ್ಲ. ಅವಳನ್ನು ಒಳಗೆ ಕಳಿಸಬೇಕು ಅಂತ ನಾನು ನೋಡಿದೆ, ಅವಳು ಹೋಗಲಿಲ್ಲ.

“ಒಂದೇ ಮಾತು ಕೇಳ್ತೀನಿ. ಫೋನ್ ಮಾಡಿದಾಗ ಅವರು ಅವಸರದಲ್ಲಿದ್ರಾ?” ಅಂದರು ನಿನ್ನ ಅಮ್ಮ.

ನನಗೆ ಅರ್ಥವಾಗಲಿಲ್ಲ. ಯಾಕೆ ಹಾಗೆ ಕೇಳ್ತೀರಿ ಅಂದೆ. ನೆಲ ನೋಡುತ್ತ ಹೇಳಿದರು. ಅವತ್ತು ಊಟದ ಹೊತ್ತಿನಲ್ಲಿ ಜಗಳವಾಗಿತ್ತಂತೆ. ನಿನ್ನ ಅಮ್ಮನ ತಾಯಿಗೆ ಹುಷಾರಿರಲಿಲ್ಲ, ಸಂಜೆಯ ಬಸ್ಸಿಗೆ ಹೋಗಬೇಕಿತ್ತು. “ನಾಲ್ಕು ಗಂಟೆ ಒಳಗೆ ಬರೋ ಹಾಗಿದ್ರೆ ಬನ್ನಿ, ಇಲ್ದಿದ್ರೆ ಬರಲೇ ಬೇಡಿ ಅಂದೆ. ಮಗಳು ಬಾಗಿಲಲ್ಲೇ ನಿಂತು ಕೇಳಿಸ್ಕೊತಾ ಇದ್ಲು. ನಾನು ಅವಸರ ಮಾಡಿದ್ದಕ್ಕೇ ಅವರು ಲೈನ್ ಕ್ಲಿಯರ್ ಕೇಳ್ದೆ ಹತ್ತಿದ್ರು ಅಂತ ಇಷ್ಟು ವರ್ಷ ಅಂದ್ಕೊಂಡಿದೀನಿ. ಮಗು ಬಂದು, ಅಪ್ಪ ಕೇಳಿದ್ರು ಅಂತ ಹೇಳ್ತು. ನನ್ನನ್ನ ಉಳಿಸೋಕೆ ಕಟ್ಟಿ ಹೇಳ್ತಿದೆ ಅನ್ನಿಸ್ತು. ಒಂಬತ್ತು ವರ್ಷದ ಮಗುವಿನ ಸುಳ್ಳಿನ ಮರೆಯಲ್ಲಿ ಹೇಗೆ ನಿಲ್ಲಲಿ? ಅದಕ್ಕೇ ಹಿಂದಕ್ಕೆ ಎಳ್ಕೊಂಡೆ.”

ಫೋಟೋ ಯಾಕೆ ಹಾಕಿಲ್ಲ ಅಂತ ನಾನು ಕೇಳಲಿಲ್ಲ. ಅವರ ಮುಖ ನೋಡಿದರೆ ಕೇಳುವ ಹಾಗಿರಲಿಲ್ಲ.

ನಾನು ಹೇಳಿದೆ, “ಇಲ್ಲಮ್ಮ, ಅವಸರ ಇರಲಿಲ್ಲ. ಕಂಬದ ನಂಬರ್ ಎರಡು ಸಲ ಹೇಳಿದ್ರು. ನಾನೇ ಹತ್ತು ಹತ್ತು ಅಂದೆ. ಅದಕ್ಕೆ ಅವರು, ಅವಸರ ಏನಿಲ್ಲ ಸಾರ್, ಮಗಳು ಜೊತೆಗಿದಾಳೆ, ನಿಧಾನವಾಗಿ ಬರ್ಕೊಳಿ ಅಂದ್ರು. ನಕ್ಕು ಫೋನ್ ಇಟ್ರು.”

ನಮ್ಮ ಮನೆಯವಳು ಸೆರಗು ಬಾಯಿಗೆ ಇಟ್ಟುಕೊಂಡು ಅಳುತ್ತಿದ್ದಳು, ನಿನ್ನ ಅಮ್ಮನ ಕಣ್ಣಲ್ಲಿ ನೀರಿಲ್ಲ. ಆಮೇಲೆ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

“ಇನ್ನೊಂದು ಸಲ ಹೇಳಿ,” ಅಂದರು.

ಹೇಳಿದೆ.

“ಹಾಗಲ್ಲ. ಅವರು ಹೇಳಿದ ಹಾಗೇ ಹೇಳಿ. ದಿನಾ ಕೇಳುತ್ತೆ ಅಂತ ಬರೆದಿದೀರಲ್ಲ. ನನಗೆ ಅವರ ದನಿ ಮರೆತೇ ಹೋಗಿದೆ.”

ನಾನು ಕಣ್ಣು ಮುಚ್ಚಿಕೊಂಡೆ. ಮೂರನೇ ಲೈನು, ನಲವತ್ತೇಳನೇ ಕಂಬ ಎಂಬಲ್ಲಿಂದ ಶುರು ಮಾಡಿ, ಅವರು ಎಲ್ಲಿ ಎಳೆಯುತ್ತಿದ್ದರೋ ಅಲ್ಲಿ ಎಳೆದು, ಎಲ್ಲಿ ನಗುತ್ತಿದ್ದರೋ ಅಲ್ಲಿ ನಿಲ್ಲಿಸಿ, ಕೊನೆಯವರೆಗೂ ಹೇಳಿದೆ. ಇಪ್ಪತ್ತಾರು ವರ್ಷ ಯಾವ ದನಿ ಬಾರದಿರಲಿ ಅಂತ ಬೇಡಿಕೊಂಡೆನೋ ಅದನ್ನು ನನ್ನ ಬಾಯಿಂದಲೇ ಕರೆದೆ. ಕಣ್ಣು ತೆರೆದಾಗ ನಿನ್ನ ಅಮ್ಮ ಮುಂದಕ್ಕೆ ಬಾಗಿ ನನ್ನ ಬಾಯನ್ನೇ ನೋಡುತ್ತಿದ್ದರು. ಆ ಮುಖವನ್ನು ನಾನು ಬರೆಯಲಾರೆ.

ಮತ್ತೊಂದು ಸಲ ಹೇಳಿಸಿದರು. ಒಟ್ಟು ನಾಲ್ಕು ಸಲ.

ಹೊರಟು ನಿಂತು, ಚಪ್ಪಲಿ ಮೆಟ್ಟಿಕೊಳ್ಳುತ್ತ ಅಂದರು, “ನಿಮ್ಮನ್ನ ಕ್ಷಮಿಸಿದೆ ಅಂತ ತಿಳ್ಕೊಬೇಡಿ. ಅದು ನನ್ನಿಂದ ಆಗೋದಲ್ಲ. ಬರೋ ಗುರುವಾರ ಮತ್ತೆ ಬರ್ತೀನಿ. ಆಗಲೂ ಹೇಳ್ಬೇಕು.”

ನಾನು ಹೂಂ ಅಂದೆ.

ಆಪರೇಟರ್